ಮಾವನ ಮಾತಿದ್ದ ಪ್ಲೇಟು

ಹಳೆಯ ಸಾಮಾನು ಕೆಟ್ಟರೆ ನನಗೆ ಸಿಟ್ಟು ಬರುವುದಿಲ್ಲ, ವಯಸ್ಸಾಯಿತು ಅಂದುಕೊಂಡು ಸುಮ್ಮನಾಗುತ್ತೇನೆ. ಹೊಸದಕ್ಕೆ ಏನು ರೋಗ? ಎಪ್ಪತ್ತರ ದಶಕದ ಕೊನೆಗೆ ನಾನು ಸಾಗರದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಆಗ ಪೇಟೆಯ ಅಂಗಡಿಯಿಂದ ತಂದ ಸಿನಿಮಾ ಪ್ಲೇಟೊಂದು ಬಾಯಿ ಬಿಡದೆ ಹೋದ ದಿನ ನನ್ನ ಸಿಟ್ಟು ನೆತ್ತಿಗೇರಿತ್ತು. ಗ್ರಾಮಫೋನ್ ರೆಕಾರ್ಡಿಗೆ ನಾವೆಲ್ಲ ಪ್ಲೇಟು ಎಂದೇ ಹೇಳುತ್ತಿದ್ದೆವು.

ಅದು ಹಾಡಿನ ಪ್ಲೇಟಲ್ಲ. ರಾಜರ ಕಾಲದ ಕತೆಯ ಒಂದು ಸಿನಿಮಾದ ಮಾತುಗಳನ್ನೇ ತುಂಬಿದ್ದ ಪ್ಲೇಟು. ಆ ಸಿನಿಮಾದ ಒಂದಿಷ್ಟು ಭಾಗವನ್ನು ಹೊಸನಗರದ ಆಚೆ ನಗರ ಎಂಬ ಊರಿನ ಕೋಟೆಯಲ್ಲಿ ತೆಗೆದಿದ್ದರು. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಆಗ ಹೊಸನಗರದಿಂದ ನಗರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಅವನು "ನಗರ, ನಗರ" ಎಂದು ಕೂಗಿದರೆ ಗದ್ದೆಯಾಚೆ ಇದ್ದವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಓಡಿಬರುತ್ತಿದ್ದರು. ಸಿನಿಮಾದವರು ಅವನನ್ನು ಕೋಟೆ ಬಾಗಿಲ ಕಾವಲುಗಾರನ ಪಾತ್ರಕ್ಕೆ ಕರೆದದ್ದು ಆ ಗಂಟಲು ಕೇಳಿಯೇ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಆಳೂ ಎತ್ತರವಾಗಿದ್ದ, ಆ ಮಾತು ಬೇರೆ. ಅವನು ಹೇಳಬೇಕಾಗಿದ್ದದ್ದು ಇಷ್ಟೇ: "ಯಾರಲ್ಲಿ? ಅಪ್ಪಣೆಯಿಲ್ಲದೆ ಬಾಗಿಲು ತೆರೆಯುವಂತಿಲ್ಲ." ಅದನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಹೇಳಿ ಹೇಳಿ, ತನ್ನ ತಾಯಿಯ ಹತ್ತಿರ, ಅಂದರೆ ನನ್ನ ಅಜ್ಜಿಯ ಹತ್ತಿರ, ಬೈಸಿಕೊಳ್ಳುತ್ತಿದ್ದ. ನೀರಿನ ಕೊಡ ಹಿಡಿದು ನಿಂತವಳನ್ನೂ ಒಳಗೆ ಬಿಡುತ್ತಿರಲಿಲ್ಲ.

ಸಿನಿಮಾ ಬರುವ ಮೊದಲೇ ಮಾವ ಕಾಮಾಲೆಯಾಗಿ ತೀರಿಕೊಂಡ. ಅವನಿಗೆ ಹೆಣ್ಣು ನೋಡುತ್ತಿದ್ದ ಹೊತ್ತು ಅದು. ಸಾಗರದ ಟಾಕೀಸಿಗೆ ಸಿನಿಮಾ ಬಂದಾಗ ವರ್ಷದ ಕಾರ್ಯವೂ ಆಗಿರಲಿಲ್ಲ, ನಮ್ಮಲ್ಲಿ ಯಾರೂ ಹೋಗಲಿಲ್ಲ. ಆಮೇಲೆ ಅದು ಈ ಕಡೆಗೆ ಬರಲೇ ಇಲ್ಲ. ಅಷ್ಟರಲ್ಲಿ ಅಜ್ಜಿಯ ಕಣ್ಣೂ ಹೋಯಿತು. "ಮುಖ ಹೆಂಗೂ ಕಾಣೂದಿಲ್ಲ. ದನಿ ಒಂದು ಕೇಳಿದ್ರೆ ಸಾಕಿತ್ತು" ಎಂದು ಆಗಾಗ ಹೇಳುತ್ತಿದ್ದಳು. ಅಂಗಡಿಯ ಗಾಜಿನ ಹಿಂದೆ ಆ ಪ್ಲೇಟು ಕಂಡಾಗ ಬೆಲೆಯನ್ನೂ ಕೇಳದೆ ಕೊಂಡದ್ದು ಅದಕ್ಕೇ. ಸುದ್ದಿ ತಿಳಿದ ಕೂಡಲೇ ಅಮ್ಮ ಅಜ್ಜಿಯ ಕೈ ಹಿಡಿದು ಬಸ್ಸು ಹತ್ತಿಸಿ ಸಾಗರದ ನನ್ನ ಬಾಡಿಗೆ ಮನೆಗೆ ಕರೆತಂದಳು. ಅಜ್ಜಿ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು.

ಊಟ ಮುಗಿಸಿ ಮೂವರೂ ಕೂತೆವು. ಪ್ಲೇಯರಿನ ಮೇಲೆ ಪ್ಲೇಟಿಟ್ಟು ಮುಳ್ಳು ಇಳಿಸಿದೆ. ಮುಳ್ಳು ಸ್ವಲ್ಪ ಸುತ್ತಿ, ಸರ್ರನೆ ಜಾರಿ, ನಡುವಿನ ಕಾಗದದವರೆಗೂ ಹೋಗಿ ಕರಕರ ಎಂದಿತು. ಮತ್ತೆ ಇಟ್ಟೆ. ಮತ್ತೆ ಜಾರಿತು. ಮುಳ್ಳಿನ ತುದಿಯ ಧೂಳನ್ನು ಹತ್ತಿಯಿಂದ ತೆಗೆದೆ, ಪ್ಲೇಟನ್ನು ಸೆರಗಿನಿಂದ ಒರೆಸಿದೆ. ಏನು ಮಾಡಿದರೂ ಅದೇ ಕತೆ.

"ಎಂತದೇ ಅದು, ಬೆಕ್ಕು ಕೆರೆದ ಹಂಗೆ?" ಎಂದಳು ಅಜ್ಜಿ.

"ಸ್ವಲ್ಪ ಸುಮ್ನಿರಜ್ಜಿ" ಎಂದೆ. ದನಿ ಒರಟಾಗಿಯೇ ಬಂತು.

ಪ್ಲೇಟನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ದಾಪುಗಾಲು ಹಾಕಿದೆ. ಹಾಳು ಮಾಲು ಕೊಟ್ಟು ಕಳಿಸಿದ್ದಾನೆ, ಇವತ್ತು ಬಿಡುವುದಿಲ್ಲ ಎಂದುಕೊಂಡೇ ಹೋಗಿದ್ದೆ. ಅಂಗಡಿಯವರು ತಮ್ಮ ಪ್ಲೇಯರಿಗೆ ಹಾಕಿದರು. ಕಹಳೆ, ಕುದುರೆಯ ಓಟ, ಎಲ್ಲ ನೆಟ್ಟಗೆ ಬಂತು.

"ಪ್ಲೇಟಿಗೆ ಏನೂ ಆಗಿಲ್ಲ ಟೀಚರೇ. ನಿಮ್ಮ ಪ್ಲೇಯರ್ ಓರೆ ಕೂತಿದ್ಯಾ ನೋಡಿ. ಮುಳ್ಳಿನ ತಲೆ ಮೇಲೆ ಒಂಚೂರು ಭಾರ ಇಡಿ" ಎಂದರು.

ಇನ್ನಷ್ಟು ಕೇಳುತ್ತೀರಾ ಎಂದೂ ಕೇಳಿದರು. ಬೇಡ ಎಂದೆ. ಮಾವನ ಮಾತು ಮೊದಲು ಅಜ್ಜಿಯ ಕಿವಿಗೇ ಬೀಳಬೇಕಿತ್ತು.

ಮನೆಗೆ ಬಂದವಳೇ ಅಜ್ಜಿಯ ಎಲೆಅಡಿಕೆ ಚೀಲದಿಂದ ಒಂದು ಇಡೀ ಅಡಿಕೆ ತೆಗೆದು ಪ್ಲೇಯರಿದ್ದ ಮೇಜಿನ ಮೇಲಿಟ್ಟೆ. ಅದು ಉರುಳಿ ನೆಲದಲ್ಲಿ ಕೂತಿದ್ದ ಅಮ್ಮನ ಮಡಿಲಿಗೆ ಬಿತ್ತು. ರಟ್ಟು ಮಡಚಿ ಮೇಜಿನ ಆ ಕಡೆಯ ಕಾಲಿನಡಿ ತೂರಿಸಿದೆ. ಅಡಿಕೆ ಈಗ ಇಟ್ಟಲ್ಲೇ ನಿಂತಿತು. ಮುಳ್ಳಿನ ತಲೆಯ ಮೇಲೆ ನಾಲ್ಕಾಣೆಯ ಪಾವಲಿ ಇಟ್ಟು ಪ್ಲೇಟು ಹಾಕಿದೆ. ಜಾರಲಿಲ್ಲ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮೊದಲ ಮಗ್ಗುಲಿನಲ್ಲಿ ಮಾವ ಬರಲಿಲ್ಲ. ಎರಡನೆಯದನ್ನು ಹಾಕಿದೆ. ಗಾಳಿಯ ಸದ್ದು, ಕುದುರೆ ನಿಂತ ಸದ್ದು, ಬಾಗಿಲು ಬಡಿದ ಸದ್ದು. ಅಜ್ಜಿ ಎಲೆ ಅಗಿಯುವುದನ್ನು ನಿಲ್ಲಿಸಿದಳು.

"ಯಾರಲ್ಲಿ? ಅಪ್ಪಣೆಯಿಲ್ಲದೆ ಬಾಗಿಲು ತೆರೆಯುವಂತಿಲ್ಲ."

"ಸ್ಪೀಡು ಸರಿ ಇಲ್ಲ ಕಣೇ" ಎಂದಳು ಅಮ್ಮ ತಕ್ಷಣ. "ಅವನ ದನಿ ಇಷ್ಟು ಸಣ್ಣ ಎಲ್ಲಿತ್ತು? ಸರಿ ಮಾಡು."

ಸ್ಪೀಡಿನ ಕಡ್ಡಿ ಸರಿಸಿದೆ. ಒಂದು ಕಡೆಗೆ ಸರಿಸಿದರೆ ಎಮ್ಮೆ ಕೂಗಿದಂತೆ, ಇನ್ನೊಂದು ಕಡೆಗೆ ಸರಿಸಿದರೆ ಕೋಳಿಮರಿ. ಮತ್ತೆ ಮೊದಲಿನ ಜಾಗಕ್ಕೇ ತಂದೆ. ಆಗ ಕೇಳಿದ ಸಿನಿಮಾ ಹೀರೋನ ದನಿ, ರೇಡಿಯೋದಲ್ಲಿ ನಾವು ಎಷ್ಟೋ ಸಲ ಕೇಳಿದ ಅದೇ ದನಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಪ್ಲೇಯರ್ ಸರಿಯಾಗಿತ್ತು. ಪ್ಲೇಟೂ ಸರಿಯಾಗಿತ್ತು. ಮದ್ರಾಸಿನ ಯಾವುದೋ ಸ್ಟುಡಿಯೋದಲ್ಲಿ ಯಾರೋ ಒಬ್ಬರು ಮಾವನ ತುಟಿ ನೋಡಿಕೊಂಡು ಆ ಮಾತು ಹೇಳಿಬಿಟ್ಟಿದ್ದರು. ಸಿನಿಮಾದಲ್ಲಿ ಹಾಗೆ ಮಾಡುತ್ತಾರೆಂದು ಎಲ್ಲೋ ಓದಿದ್ದೆ, ಮಾವನಿಗೂ ಹಾಗಾಗಬಹುದೆಂದು ಹೊಳೆದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅವನ ಎತ್ತರ ಮಾತ್ರ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

ನನ್ನ ಮುಖ ನೋಡಿ ಅಮ್ಮನಿಗೂ ಅರ್ಥವಾಯಿತು. "ಅವ್ವ..." ಎಂದು ಏನೋ ಹೇಳಹೊರಟಳು.

"ಶೀತ ಆಗಿದೆ ಅವಂಗೆ" ಎಂದಳು ಅಜ್ಜಿ. "ಗಂಟ್ಲು ಕಟ್ಟಿದ್ದು ಗೊತ್ತಾಗ್ಲಿಲ್ವಾ ನಿಮ್ಗೆ? ಬೆಳಗಿನ ಚಳೀಲಿ ಬರೀ ಮೈಯಲ್ಲಿ ಕೋಟೆ ಬಾಗ್ಲಲ್ಲಿ ನಿಲ್ಸಿದ್ರಂತೆ. ಒಂದು ಲೋಟ ಕಷಾಯ ಕುಡ್ಕಂಡು ಹೋಗು ಅಂದೆ. ಕೇಳ್ಲೇ ಇಲ್ಲ."

ಅಮ್ಮ ಅಜ್ಜಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹೌದವ್ವ, ಶೀತ ಆಗಿದೆ" ಎಂದಳು.

"ಇನ್ನೊಂದು ಸಲ ಹಾಕು ಮಗಾ" ಎಂದಳು ಅಜ್ಜಿ ನನಗೆ.

ನಾನು ಮುಳ್ಳನ್ನು ಎತ್ತಿ, ಬಾಗಿಲು ಬಡಿಯುವ ಜಾಗಕ್ಕೆ ಮತ್ತೆ ಇಳಿಸಿದೆ.