ದೊಡ್ಡತ್ತೆ ‘ಬೇಡ’ ಅಂದ ಮಧ್ಯಾಹ್ನ

ಒಬ್ಬಳೇ ಕೂತು ಬಿಸಿ ಮುದ್ದೆ ಉಣ್ಣುವುದಕ್ಕಿಂತ ದೊಡ್ಡ ಸುಖ ಇನ್ನೊಂದಿದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಹೇಳುವವರು ಗಂಡಸರಾಗಿದ್ದರಂತೂ ಕೇಳಿಸಿಕೊಳ್ಳುವುದೂ ಇಲ್ಲ. ಅವರಿಗೆ ಹುಟ್ಟಿದಾಗಿನಿಂದ ಬಿಸಿಯದೇ ಸಿಕ್ಕಿದೆ. ಬಸರಾಳಿನ ಕಡೆಯ ನನ್ನ ಗಂಡನ ಮನೆಯಲ್ಲಿ ಹದಿನಾಲ್ಕು ಜನ ಉಣ್ಣುತ್ತಿದ್ದರು. ಗಂಡಸರು, ಆಳುಗಳು, ಮಕ್ಕಳು, ಅತ್ತೆ, ಓರಗಿತ್ತಿಯರು, ಕಡೆಗೆ ನಾನು. ನನ್ನ ಪಾಲಿಗೆ ಬರುವ ಹೊತ್ತಿಗೆ ಮುದ್ದೆ ಕಲ್ಲಾಗಿರುತ್ತಿತ್ತು, ಸಾರಿನ ಮೇಲೆ ಕೆನೆ ಕಟ್ಟಿರುತ್ತಿತ್ತು. ಮದುವೆಯಾದ ಮೂರು ವರ್ಷ ನಾನು ಹಬೆಯಾಡುವ ಮುದ್ದೆಯನ್ನು ಕಣ್ಣಲ್ಲಿ ನೋಡಿದ್ದೆ, ಕೈಯಲ್ಲಿ ಮುಟ್ಟಿ ಬೇರೆಯವರ ತಟ್ಟೆಗೆ ಹಾಕಿದ್ದೆ, ಅಷ್ಟೇ.

ಆಮೇಲೆ ನಮ್ಮ ಯಜಮಾನರಿಗೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸವಾಯಿತು. ಯುದ್ಧ ನಡೆಯುತ್ತಿದ್ದ ಕಾಲ. ಪೇಟೆಯಲ್ಲಿ ಒಂದು ವಠಾರದಲ್ಲಿ ಎರಡು ಕೋಣೆಯ ಮನೆ ಹಿಡಿದರು. ನನ್ನನ್ನು ಕಳಿಸುವ ದಿನ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು:

“ನೋಡಮ್ಮಿ, ನಮ್ಮೋರು ಯಾರಾರ ನಿನ್ ಬಾಗ್ಲಿಂದ ಅಸ್ಕಂಡು ವಾಪಸ್ ಬಂದ್ರು ಅಂತ ನನ್ ಕಿವಿಗೆ ಬಿತ್ತು ಅಂದ್ರೆ ಅವತ್ತೇ ಗಾಡಿ ಕಳಿಸ್ತೀನಿ. ಗಂಟು ಕಟ್ಕಂಡು ಬಂದ್ಬುಡು. ಅವ್ನು ಓಟ್ಲಲ್ಲಿ ಉಣ್ಕಂಡಿರ್ಲಿ.”

ನಮ್ಮತ್ತೆ ಹೇಳಿದ್ದನ್ನು ಮಾಡುವ ಹೆಂಗಸು. ಹೆದರಿಸುವುದಕ್ಕೆಂದು ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

ಪೇಟೆಯ ಸುಖ ಎಂದರೆ ಈಗಿನವರು ಸಿನಿಮಾ, ಹೋಟೆಲು ಎಂದುಕೊಳ್ಳಬಹುದು. ನನಗೆ ಅವೆರಡೂ ಬೇಕಿರಲಿಲ್ಲ. ಕಾರ್ಖಾನೆಯ ಸಿಳ್ಳೆ ಕೂಗಿದಾಗ ಯಜಮಾನರು ಹೊರಟರೆ ಮನೆಯಲ್ಲಿ ನಾನೊಬ್ಬಳೇ. ಊರಿನಿಂದ ಬಂದ ರಾಗಿ ಮೂಟೆಯಲ್ಲಿತ್ತು. ನನಗೆ ಹಸಿವಾದಾಗ, ನನಗೆ ಬೇಕಾದಷ್ಟು ಗಾತ್ರದ ಒಂದು ಮುದ್ದೆ ಕಟ್ಟಿ, ಕೈ ಸುಡುತ್ತಿರುವಾಗಲೇ ಬಸ್ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆ. ಗಂಟಲಿನಿಂದ ಹೊಟ್ಟೆಯವರೆಗೆ ಆ ಬಿಸಿ ಇಳಿದು ಹೋಗುವುದು ಗೊತ್ತಾಗುತ್ತಿತ್ತು. ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು, ಬೆಲ್ಲ ಹಾಕಿದ ಕಾಫಿ. ಊರೆಲ್ಲ ಕಬ್ಬಿನ ಹಾಲು ಕುದಿಯುವ ವಾಸನೆ, ನಮ್ಮ ಡಬ್ಬಿಯಲ್ಲಿ ಮಾತ್ರ ಸಕ್ಕರೆ ಇಲ್ಲ. ರೇಷನ್ನಿನ ಕಾಲ ಹಾಗಿತ್ತು. ನಾನೇನೂ ಅದಕ್ಕೆ ಕೊರಗಲಿಲ್ಲ. ಬೆಲ್ಲದ ಕಾಫಿಯೂ ಬಿಸಿಯಾಗಿಯೇ ಇರುತ್ತದೆ.

ಈ ಸುಖಕ್ಕೆ ಒಂದೇ ಅಡ್ಡಿ, ಊರಿನ ಜನ. ಕೋರ್ಟು, ಆಸ್ಪತ್ರೆ, ಸಂತೆ, ಅಮಲ್ದಾರರ ಕಚೇರಿ, ಏನೇ ಇದ್ದರೂ ಮಂಡ್ಯಕ್ಕೇ ಬರಬೇಕು. ಬಂದವರು ಬಿಸಿಲು ಏರಿದ ಮೇಲೆ ಎಲ್ಲಿಗೆ ಹೋಗಬೇಕು? ನಮ್ಮ ಮನೆಗೆ. ಯಜಮಾನರ ಚಿಕ್ಕಪ್ಪನೊಬ್ಬನಿದ್ದ. ಅವನಿಗೆ ಕೋರ್ಟಿನ ವ್ಯಾಜ್ಯಕ್ಕಿಂತ ನಮ್ಮ ಮನೆಯ ಕರೆಂಟಿನ ಗುಂಡಿ ಮುಖ್ಯ. ಹಾಡುಹಗಲಲ್ಲಿ ಅದನ್ನು ಒತ್ತಿ ದೀಪ ಹತ್ತಿಸುವುದು, ಮತ್ತೆ ಒತ್ತಿ ಆರಿಸುವುದು. “ಬ್ಲಫ್ನಲ್ಲಿ ನೀರ್ ಬಿದ್ರೆ ಇಲ್ಲಿ ಬೆಂಕಿ ಅತ್ತುತಾದಲ್ಲಮ್ಮಿ!” ಎಂದು, ಕರೆಂಟು ತಯಾರಾಗುವ ಆ ಜಲಪಾತವನ್ನು ನೆನೆದು ಪ್ರತಿ ಸಲವೂ ಆಶ್ಚರ್ಯ ಪಡುತ್ತಿದ್ದ. ಪ್ರತಿ ಸಲವೂ ಎರಡು ಮುದ್ದೆ ಉಣ್ಣುತ್ತಿದ್ದ. ಬಂದವರ ಕಾಲಿಗೆ ನೀರು ಬೇರೆ ಕೊಡಬೇಕು. ಊರಲ್ಲಿ ಬಾವಿಯಿತ್ತು, ಚೆಂಬುಗಟ್ಟಲೆ ಸುರಿದುಕೊಳ್ಳಲಿ. ಇಲ್ಲಿ ಬೀದಿಯ ನಲ್ಲಿಯಲ್ಲಿ ಸಾಲು ನಿಂತು ಹೊತ್ತು ತಂದ ನೀರು. ನಾನು ಅರ್ಧ ಚೆಂಬು ಕೊಡಲು ಶುರುಮಾಡಿದೆ. ಒಂದು ಕಾಲಿಗೆ ಸಾಕಾಗುವಷ್ಟು.

ಪೇಟೆಯ ಇನ್ನೊಂದು ರೀತಿಯನ್ನೂ ಕಲಿತೆ. ಎದುರು ಮನೆಯಲ್ಲಿ ಒಬ್ಬ ಗುಮಾಸ್ತರ ಹೆಂಡತಿ ಇದ್ದರು. ಯಾರು ಬಂದರೂ ಸೆರಗು ಸರಿಮಾಡಿಕೊಂಡು, “ಕಾಫಿ ತಗೋತೀರಾ?” ಎಂದು ಕೇಳುತ್ತಿದ್ದರು. ಬಂದವರು ಬೇಕಾದರೆ ಹೂಂ ಅನ್ನುತ್ತಿದ್ದರು, ಬೇಡದಿದ್ದರೆ ಬೇಡ ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ನನಗೆ ಅದು ಬಹಳ ಹಿಡಿಸಿತು. ಎಷ್ಟು ಚೊಕ್ಕ! ನಮ್ಮ ಕಡೆ ಹಾಗಲ್ಲ. ನಮ್ಮ ಕಡೆ ‘ಬೇಡ’ ಎನ್ನುವುದು ಊಟದ ಮೊದಲ ತುತ್ತು. ಎಲೆಯ ಮೇಲೆ ಕೈ ಅಡ್ಡ ಹಿಡಿದವನ ಬೆರಳುಗಳ ಸಂದಿ ನೋಡಬೇಕು. ಸಂದಿ ಬಿಟ್ಟಿದ್ದರೆ ಬಡಿಸಬೇಕು. ಬೆರಳು ಕೂಡಿಸಿದ್ದರೂ ಇನ್ನೊಂದು ಸಲ ಬಡಿಸಿ ನೋಡಬೇಕು. ಎದ್ದು ನಿಂತು ಕೈ ತೊಳೆದರೆ ಮಾತ್ರ ಸಾಕು ಎಂದರ್ಥ, ಅದೂ ಕೆಲವರ ವಿಷಯದಲ್ಲಿ ಅನುಮಾನ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆಯುವುದಕ್ಕೆ ಪೇಟೆಯಲ್ಲಿ ಆರು ತಿಂಗಳು ಸಾಕಾಯಿತು.

ದೊಡ್ಡತ್ತೆ ಬಂದದ್ದು ಅಂಥ ಒಂದು ಮಧ್ಯಾಹ್ನ. ದೊಡ್ಡತ್ತೆ ಎಂದರೆ ನನ್ನ ಮಾವನ ಅಕ್ಕ. ನಮ್ಮತ್ತೆಯೇ ಎದ್ದು ನಿಂತು ಮಾತಾಡಿಸುವಂಥ ಮನುಷ್ಯಳು. ಬೆಳಿಗ್ಗೆ ಮಂಡ್ಯದ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿಕೊಂಡು, ಕೆನ್ನೆಗೆ ಸೆರಗು ಒತ್ತಿಕೊಂಡು ಬಂದು ಜಗಲಿಯ ಮೇಲೆ ಕೂತರು. ಅರ್ಧ ಚೆಂಬು ನೀರು ಕೊಟ್ಟೆ. ಅವರು ಚೆಂಬಿನೊಳಗೆ ಬಗ್ಗಿ ನೋಡಿ, ಬೆರಳ ತುದಿಗಳನ್ನು ತೊಳೆದುಕೊಂಡರು.

ಒಳಗೆ ಒಂದು ಮುದ್ದೆ ಆಗಷ್ಟೇ ಕಟ್ಟಿಟ್ಟಿದ್ದೆ. ನನ್ನದು. ಹಬೆ ಏಳುತ್ತಿತ್ತು. ಹುರುಳಿಕಾಳಿನ ಬಸ್ಸಾರು, ಬೆಳ್ಳುಳ್ಳಿ ಒಗ್ಗರಣೆ. ಇನ್ನೊಂದು ತಿರುವಬೇಕೆಂದರೆ ಮತ್ತೆ ಎಸರಿಡಬೇಕು. ಅಷ್ಟು ಹೊತ್ತಿಗೆ ನನ್ನದು ಆರುತ್ತದೆ. ನಾನು ಸೆರಗು ಸರಿಮಾಡಿಕೊಂಡು, ಗುಮಾಸ್ತರ ಹೆಂಡತಿಯ ಹಾಗೆ ಕೇಳಿದೆ:

“ಊಟ ಮಾಡ್ತೀರಾ ಅತ್ತೆ?”

ದೊಡ್ಡತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಬ್ಯಾಡ ಕಣವ್ವ. ನಂಗೇನು ಅಸಿವಿಲ್ಲ.”

“ಸರಿ ಅತ್ತೆ” ಎಂದೆ. ಹಲ್ಲು ಕಿತ್ತವರು ಹೇಗೆ ಉಣ್ಣುತ್ತಾರೆ ಎಂದು ನನ್ನ ಮನಸ್ಸಿಗೆ ನಾನೇ ಹೇಳಿಕೊಂಡೆ. ಬಾಗಿಲು ಓರೆ ಮಾಡಿ, ಒಳಗೆ ಕೂತು, ಉಂಡೆ. ಹೇಳುವುದಕ್ಕೆ ಈಗಲೂ ಚೆನ್ನಾಗಿಲ್ಲ, ಆದರೆ ಆದದ್ದು ಹಾಗೆ. ಹೊರಗೆ ಅವರು ಎರಡು ಸಲ ಕೆಮ್ಮಿದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಗಂಟು ಎತ್ತಿಕೊಂಡು ನಿಂತಿದ್ದರು. “ಬಸ್ಸು ಒಂಟೋಯ್ತದೆ, ಬತ್ತೀನಿ” ಎಂದು ತಿರುಗಿ ನೋಡದೆ ನಡೆದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಗೋಡೆಯಾಚೆಯ ಮನೆ ಬೀಬಕ್ಕನದು. ಅವರ ಗಂಡ ಬಸ್ಸಿನ ಮೇಸ್ತ್ರಿ. ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಾಗ ಬೀಬಕ್ಕ ಕೇಳಿದರು:

“ಯಾರು ತಂಗಿ, ಬಂದು ಹಂಗೇ ಹೋದ್ರಲ್ಲ?”

“ನಮ್ಮ ದೊಡ್ಡತ್ತೆ. ಊಟ ಮಾಡ್ತೀರಾ ಅಂದೆ, ಬ್ಯಾಡ ಅಂದ್ರು.”

ಬೀಬಕ್ಕ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು. “ಕೇಳ್ದ್ಯಾ?”

“ಹೂಂ.”

“ಬಾಯ್ಬಿಟ್ಟು ಕೇಳ್ದ್ಯಾ? ಮುದುಕೀನ? ಅರೆ, ನಿಂಗೇನು ತಲೆ ಕೆಟ್ಟೈತಾ? ಹೊತ್ತು ಮಧ್ಯಾನ್ನದಾಗೆ ಬಾಗ್ಲಿಗೆ ಬಂದೋರ್ನ ಉಣ್ತೀರಾ ಅಂತ ಕೇಳಿದ್ರೆ, ಹೂಂ ಅನ್ನೋಕೆ ಅವರೇನು ಭಿಕ್ಷಕ್ಕೆ ಬಂದವ್ರಾ? ನೀನು ಕೇಳ್ದೆ ಅಂದ್ರೆ ಇಕ್ಕಾಕಿಲ್ಲ ಅಂದಂಗೆ.”

“ಹಲ್ಲು ಕೀಳಿಸ್ಕೊಂಡಿದ್ರು ಬೀಬಕ್ಕ...”

“ಮುದ್ದೆಗೆ ಹಲ್ಲು ಯಾತಕ್ಕೆ ಬೇಕು?”

ಕಾಫಿ ಲೋಟ ಕೆಳಗಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ಹೇಳಿದ ಮಾತು ಅಷ್ಟೂ ಕಿವಿಯಲ್ಲಿ ಕೇಳಿಸಿತು. ದೊಡ್ಡತ್ತೆ ಸಂಜೆಗೆ ಊರು ಮುಟ್ಟುತ್ತಾರೆ, ನಾಳೆ ಬೆಳಿಗ್ಗೆ ಗಾಡಿ ಹೊರಡುತ್ತದೆ. ನಾನು ಹದಿನಾಲ್ಕನೆಯವಳಾಗಿ ಮತ್ತೆ ಆ ಅಡುಗೆಮನೆಯ ಮೂಲೆಯಲ್ಲಿ ಕೂರುತ್ತೇನೆ.

“ಬಾಯ್ ಬಿಟ್ಕಂಡು ಏನ್ ನೋಡ್ತೀಯ? ಒಲೇಲಿ ಕೆಂಡ ಐತಾ? ನಮ್ಮೋರು ಈಗ ತಾನೆ ಬಸ್ಸಿಗೆ ಇದ್ದಿಲು ತುಂಬಾಕೆ ಹೋದ್ರು. ಅದು ಹತ್ಕಂಡು ಹೊರಡಾಕೆ ಇನ್ನೂ ಹೊತ್ತೈತೆ. ಏಳು!”

ಆ ದಿನಗಳಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಬಸ್ಸಿನ ಹಿಂದೆ ಹಂಡೆಯಂಥ ಒಲೆ, ಅದಕ್ಕೆ ಗಾಳಿ ಊದಲೊಂದು ತಿದಿ. ತಿರುವಿ ತಿರುವಿ ಮೇಸ್ತ್ರಿಯ ತೋಳು ಬಿದ್ದುಹೋಗಬೇಕು, ಆಮೇಲೆ ಬಸ್ಸು ಮನಸ್ಸು ಮಾಡಬೇಕು. ಬಸ್ಸಿನಲ್ಲಿ ಹೋಗುವವರೆಲ್ಲ ಅದನ್ನು ಬೈಯುತ್ತಿದ್ದರು. ಆವತ್ತು ನಾನೊಬ್ಬಳು ಅದು ಇನ್ನಷ್ಟು ತಡವಾಗಲಿ ಎಂದು ಬೇಡಿಕೊಂಡೆ.

ನನ್ನ ಜೀವಮಾನದಲ್ಲಿ ಅಷ್ಟು ಬೇಗ ನಾನು ಮುದ್ದೆ ತಿರುವಿಲ್ಲ. ಬೀಬಕ್ಕ ಒಲೆ ಊದಿದರು, ನಾನು ಕೋಲು ಹಿಡಿದೆ. ಮುದ್ದೆ ಕಟ್ಟಿ ಬೋಗುಣಿಗೆ ಹಾಕಿ, ಮೇಲೆ ಸಾರು ಹೊಯ್ದು, ಬಟ್ಟೆ ಮುಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಮಂಡ್ಯದ ದೊಡ್ಡ ಬೀದಿಯಲ್ಲಿ, ಹಗಲು ಹೊತ್ತು, ಗೌಡರ ಮನೆಯ ಸೊಸೆ. ಅಂಗಡಿಯವರು ತಕ್ಕಡಿ ಹಿಡಿದಂತೆಯೇ ನೋಡಿದರು. ಗುಮಾಸ್ತರ ಹೆಂಡತಿ ಕಿಟಕಿಯಲ್ಲಿ ಕಾಣಿಸಿದರು. ಸಾರು ಮೊಣಕೈಗೆ ಇಳಿಯುತ್ತಿತ್ತು, ಚೆನ್ನಾಗಿ ಸುಡುತ್ತಿತ್ತು.

ಬಸ್ಸು ಇನ್ನೂ ನಿಂತಿತ್ತು. ಹಿಂದೆ ಮೇಸ್ತ್ರಿ ಸಾಬರು ಮುಖವೆಲ್ಲ ಮಸಿಯಾಗಿ ತಿದಿ ತಿರುವುತ್ತಿದ್ದರು. ಒಳಗೆ ಹತ್ತಿದೆ. ದೊಡ್ಡತ್ತೆ ಕಿಟಕಿಯ ಪಕ್ಕ, ತೊಡೆಯ ಮೇಲೆ ಗಂಟಿಟ್ಟುಕೊಂಡು ಕೂತಿದ್ದರು. ಈ ಸಲ ನಾನು ಕೇಳಲಿಲ್ಲ. ಗಂಟನ್ನು ತೆಗೆದು ಪಕ್ಕಕ್ಕಿಟ್ಟು ಬೋಗುಣಿಯನ್ನು ತೊಡೆಯ ಮೇಲಿಟ್ಟೆ.

“ಏನಮ್ಮಿ ಇದು?”

“ಮುದ್ದೆ, ಅತ್ತೆ.”

“ಬ್ಯಾಡ ಅಂದ್ನಲ್ಲ.”

ನಾನು ಕಿವುಡಿಯ ಹಾಗೆ ನಿಂತೆ.

“ಮನೇಲಿ ಬಾಯ್ಮಾತ್ಗೆ ಕೇಳ್ಬುಟ್ಟು, ಬಾಗ್ಲು ಮರೆ ಮಾಡ್ಕಂಡು ಉಂಡೆ. ಈಗ ಬಸ್ಸಿಗೆ ತಂದು ಇಕ್ತೀಯ? ಜನ ನೋಡ್ಲಿ ಅಂತಾನಾ? ಅಲ್ಲು ಕಿತ್ರೆ ಗಂಟ್ಲೂ ಕಿತ್ತಾಕ್ತಾರೆ ಅಂದ್ಕಂಡಿದ್ದಾ?”

ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ನನ್ನ ಕಣ್ಣು ನೆಲಕ್ಕೆ ಅಂಟಿಕೊಂಡಿತ್ತು. ಹಿಂದಿನ ಸೀಟಿನಿಂದ ಯಾರೋ ಒಬ್ಬ ಮೂಗೆಳೆದುಕೊಂಡು ಹೇಳಿದ:

“ಅಜ್ಜಿ, ನೀನ್ ಉಣ್ದಿದ್ರೆ ಇತ್ತಾಗ್ ಕೊಡು. ಬಸ್ಸಾರು ಗಮ್ ಅಂತೈತೆ. ನಂಗೆ ಅಲ್ಲು ಎಲ್ಲಾ ಅವೆ.”

ದೊಡ್ಡತ್ತೆ ಬೋಗುಣಿಯನ್ನು ಎರಡು ಕೈಯಲ್ಲೂ ಹಿಡಿದು ತಿರುಗಿದರು. “ನೀನ್ಯಾವನ್ಲಾ? ಇದು ನಮ್ಮಪ್ಪನ ಒಲದ ರಾಗಿ. ಕೈ ಮಡಗಿ ನೋಡು!”

ಅಷ್ಟು ಹೇಳಿದ ಮೇಲೆ ಉಣ್ಣದೆ ಬೇರೆ ದಾರಿಯಿರಲಿಲ್ಲ. ಕೆನ್ನೆಯ ಒಂದು ಕಡೆಯಿಂದ ತುತ್ತು ಜಾರಿಸಿ ನುಂಗತೊಡಗಿದರು. ಹಿಂದಿನಿಂದ ಮೇಸ್ತ್ರಿ ಸಾಬರು ಕೂಗಿದರು: “ನಿಧಾನಕ್ಕೆ ಉಣ್ಣಿ ಅಜ್ಜಿ, ಬಸ್ಸಿಂದೂ ಇನ್ನೂ ಊಟ ಆಗಿಲ್ಲ.”

ಪೂರ್ತಿ ಉಂಡರು. ಉಂಡು ಬೋಗುಣಿಯನ್ನು ನನ್ನ ಕೈಗಿತ್ತು, “ಉಪ್ಪು ಜಾಸ್ತಿ ಆಗೈತೆ. ಕೈ ತೊಳಿಯಾಕೆ ನೀರೆಲ್ಲಿ?” ಎಂದರು. ನೀರು ತಂದಿರಲಿಲ್ಲ. ಬಸ್ಸಿನಿಂದ ಧುಮುಕಿ, ಬೀದಿಯ ನಲ್ಲಿಗೆ ಮತ್ತೆ ಓಡಿ, ಅದೇ ಬೋಗುಣಿಯ ತುಂಬ ತಂದೆ. ಕಿಟಕಿಯಿಂದಾಚೆ ಕೈ ತೊಳೆದರು. ಬಸ್ಸು ಕೆಮ್ಮಿ, ನಡುಗಿ, ಹೊರಟಿತು. ಒಳ್ಳೆಯ ಮಾತೊಂದೂ ಇಲ್ಲ, ಕೆಟ್ಟ ಮಾತೊಂದೂ ಇಲ್ಲ. ಉಂಡ ಮೇಲೆ ಮನುಷ್ಯರ ಮನಸ್ಸು ಕರಗುತ್ತದೆ ಎನ್ನುತ್ತಾರಲ್ಲ, ಅವರ ಮುಖದಲ್ಲಿ ನನಗೇನೂ ಅಂಥದ್ದು ಕಾಣಲಿಲ್ಲ.

ಎಂಟು ದಿನ ನಾನು ಬೀದಿಯಲ್ಲಿ ಎತ್ತಿನ ಗಂಟೆ ಕೇಳಿಸಿದರೆ ಬಾಗಿಲಿಗೆ ಬರುತ್ತಿದ್ದೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದರೆ ಅವರೇನು ಮಾಡುತ್ತಿದ್ದರು? ತಾಯಿಯೆದುರು ಅವರ ಬಾಯಿ ಏಳುತ್ತಿರಲಿಲ್ಲ. ಒಂಬತ್ತನೆಯ ದಿನ ಗಾಡಿ ಬಂತು. ಅತ್ತೆಯೇ ಇಳಿದರು. ನಾನು ತುಂಬಿದ ಚೆಂಬು ಕೊಟ್ಟೆ. ಕೇಳದೆಯೇ ಎಲೆ ಹಾಕಿದೆ, ಬಡಿಸಿದೆ. ‘ಬ್ಯಾಡ’ ಎಂದರು, ಬಡಿಸಿದೆ. ‘ಸಾಕು’ ಎಂದರು, ಬಡಿಸಿದೆ. ಕೈ ತೊಳೆದು, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಗೋಡೆಗೆ ಒರಗಿ ಕೂತ ಮೇಲೆ ಹೇಳಿದರು:

“ನಿನ್ ದೊಡ್ಡತ್ತೆ ಬಂದಿದ್ರು ಮನೆ ತಾವ. ಎಲ್ಲಾ ಏಳುದ್ರು.”

ನಾನು ಒಳಗಿನ ಕೋಣೆಯ ಮೂಲೆಯಲ್ಲಿದ್ದ ನನ್ನ ಪೆಟ್ಟಿಗೆಯನ್ನು ನೋಡಿದೆ. “ಏನಂದ್ರು ಅತ್ತೆ?”

“ಆ ಉಡ್ಗೀಗೆ ಬುದ್ಧಿ ಇಲ್ಲ, ಕಾಲು ಅವೆ. ಅಲ್ಲೇ ಇರ್ಲಿ ಬುಡು, ಅಂದ್ರು.”

ಅತ್ತೆ ಗಾಡಿಯಿಂದ ಹೊಸ ರಾಗಿ ಮೂಟೆ ಇಳಿಸಿದರು. ಬಿಸಿಲು ತಗ್ಗಿದ ಮೇಲೆ, ಬಂದ ಗಾಡಿಯಲ್ಲಿ ಅವರೊಬ್ಬರೇ ಹೋದರು.

ಬುದ್ಧಿ ಇದ್ದಿದ್ದರೆ ತಪ್ಪೇ ಆಗುತ್ತಿರಲಿಲ್ಲವಲ್ಲ ಎಂದು ನೀವು ಹೇಳಬಹುದು. ನಿಜ, ನಾನು ವಾದ ಮಾಡುವುದಿಲ್ಲ. ಆದರೆ ಬುದ್ಧಿವಂತರನ್ನೂ ನಾನು ಈ ವಯಸ್ಸಿನವರೆಗೆ ಸಾಕಷ್ಟು ನೋಡಿದ್ದೇನೆ. ಅವರೂ ತಪ್ಪು ಮಾಡುತ್ತಾರೆ. ಮಾಡಿದ ಮೇಲೆ ಮನೆಯೊಳಗೆ ಕೂತು, ಅದು ಯಾಕೆ ತಪ್ಪಲ್ಲ ಎಂಬುದಕ್ಕೆ ಒಂದೊಂದಾಗಿ ಕಾರಣ ಹುಡುಕುತ್ತಾರೆ. ಒಳ್ಳೊಳ್ಳೆಯ ಕಾರಣಗಳೇ ಸಿಗುತ್ತವೆ. ಅಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ.