ರಜೆಯ ದಿನ ದೋಣಿ, ಉಳಿದ ದಿನ ವಿಮಾನ

ಪೈಲಟ್ ಆಗುತ್ತೇನೆಂದು ನಾನು ಹೇಳಿದ ದಿನ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಕ್ವಾರ್ಟರ್ಸ್ ಕೊಡ್ತಾರೇನು?"

ಅಪ್ಪನದು ತಪ್ಪಲ್ಲ. ಧಾರವಾಡ ಕಡೆಯ ಹಳ್ಳಿಯಿಂದ ಬಂದು ದಾಂಡೇಲಿಯ ಕಾಗದದ ಕಾರ್ಖಾನೆ ಸೇರಿದ್ದ ಅವನಿಗೆ ನೌಕರಿ ಅಂದರೆ ಕ್ವಾರ್ಟರ್ಸ್, ವರ್ಷಕ್ಕೊಮ್ಮೆ ಬೋನಸ್ ಮತ್ತು ಪಾಳಿ ಮುಗಿಯಿತೆಂದು ಊದುವ ಭೋಂಗಾ. ಇವು ಮೂರೂ ಇಲ್ಲದ ಕೆಲಸವನ್ನು ಅವನು ನೌಕರಿಯೆಂದು ಕರೆಯುತ್ತಿರಲಿಲ್ಲ. ಅವ್ವ ಮಾತ್ರ ನನ್ನ ಪಕ್ಷ ಹಿಡಿದಳು. ಸಾಂಬ್ರಾಣಿಯಲ್ಲಿ ಅವಳಿಗೂ ಅವಳ ತಮ್ಮನಿಗೂ ಸೇರಿದ ಹೊಲವಿತ್ತು. ಇಬ್ಬರೂ ಅದನ್ನು ಮಾರಿದರು. ಅವ್ವನ ಪಾಲು ನನ್ನ ತರಬೇತಿಗೆ ಹೋಯಿತು. ಮಾವ ತನ್ನ ಪಾಲಿನಲ್ಲಿ ರಬ್ಬರಿನ ದೋಣಿಗಳನ್ನು ಕೊಂಡು ಗಣೇಶಗುಡಿಯಲ್ಲಿ ರಾಫ್ಟಿಂಗ್ ಶುರುಮಾಡಿದ. ಒಂದೇ ಹೊಲ, ಅರ್ಧ ಆಕಾಶಕ್ಕೆ ಹಾರಿತು, ಅರ್ಧ ನೀರಿಗೆ ಬಿತ್ತು ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಂಡ.

ನೀರಿಗೆ ಬಿದ್ದ ಅರ್ಧ ಬೇಗ ಫಲ ಕೊಟ್ಟಿತು. ನನಗೆ ಲೈಸೆನ್ಸ್ ಬಂತು, ಕೆಲಸ ಬರಲಿಲ್ಲ. ಎರಡು ವರ್ಷ ಮಾವನ ಜೊತೆ ಕಾಳಿ ನದಿಯಲ್ಲಿ ಹುಟ್ಟು ಹಾಕಿದೆ. ಹೊರಗಿನಿಂದ ಬಂದ ತರಬೇತುದಾರರ ಹತ್ತಿರ ಗೈಡ್ ಕೆಲಸವನ್ನೂ ಸರಿಯಾಗಿ ಕಲಿತೆ. ಆಮೇಲೆ ಸಣ್ಣ ಊರುಗಳ ನಡುವೆ ಸಣ್ಣ ವಿಮಾನ ಹಾರಿಸುವ ಕಂಪನಿಯೊಂದು ನನ್ನನ್ನು ಕೋ-ಪೈಲಟ್ ಮಾಡಿಕೊಂಡಿತು. ರೆಕ್ಕೆಗೊಂದು ಫ್ಯಾನು ಇರುವ ವಿಮಾನ. ಹುಬ್ಬಳ್ಳಿಯಿಂದ ಬೆಂಗಳೂರು, ಹುಬ್ಬಳ್ಳಿಯಿಂದ ಮುಂಬಯಿ.

ದಾಂಡೇಲಿಯಲ್ಲಿ ನಾನು ಒಮ್ಮೆಲೇ ಶ್ರೀಮಂತನಾದೆ, ಊರಿನವರ ಲೆಕ್ಕದಲ್ಲಿ ಮಾತ್ರ. ಗಣಪತಿ ಕೂರಿಸುವ ಹುಡುಗರು ಚಂದಾ ಪಟ್ಟಿ ಎತ್ತಲು ಬಂದಾಗ ಅಕ್ಕಪಕ್ಕದ ಮನೆಗಳನ್ನು ಬಿಟ್ಟು ನೇರ ನಮ್ಮ ಬಾಗಿಲಿಗೆ ಬಂದರು. "ಪೈಲಟ್ ಸಾಹೇಬ್ರು ಈ ಸಲ ಮಂಟಪದ ಖರ್ಚ ನೋಡ್ಕೋತಾರ" ಎಂದು ಅವರೇ ತೀರ್ಮಾನಿಸಿದ್ದರು. ಮಂಟಪ ಇರಲಿ, ಮೋದಕಕ್ಕೂ ನನ್ನ ಪಗಾರ ಸಾಲುತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು ಪೂರ್ತಿ ಪಗಾರವೂ ಅಲ್ಲ, ತರಬೇತಿ ಭತ್ಯೆ. ಕಾರ್ಖಾನೆಯಲ್ಲಿ ಅಪ್ಪನ ಕೈಕೆಳಗಿದ್ದವರಿಗೂ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು, ಅದೂ ತಿಂಗಳು ತಿಂಗಳು. ನಮ್ಮ ಕಂಪನಿಗೆ ತಿಂಗಳುಗಳ ವಿಷಯದಲ್ಲಿ ಅಷ್ಟು ಹಠ ಇರಲಿಲ್ಲ.

ಹಾಗಾಗಿ ರಜೆಯ ದಿನ ಗಣೇಶಗುಡಿಗೆ ಹೋಗುವುದು ಮುಂದುವರಿಯಿತು. ಮಾವ ಸಂಜೆಯ ಹೊತ್ತಿಗೆ ಕೈಯಲ್ಲಿ ದುಡ್ಡು ಇಡುತ್ತಿದ್ದ, ಮೇಲೆ ಊಟವನ್ನೂ ಹಾಕುತ್ತಿದ್ದ.

ಅಂಥ ಒಂದು ಭಾನುವಾರ ಬೆಂಗಳೂರಿನ ಬ್ಯಾಂಕೊಂದರ ತಂಡ ಬಂತು. ಅವರ ಮ್ಯಾನೇಜರ್ ಮೇಡಂ ದುಂಡಗಿನ, ಗಟ್ಟಿ ದನಿಯ ಹೆಂಗಸು. ಹೇಳಿ ಅಭ್ಯಾಸವಿತ್ತು, ಕೇಳಿ ಅಭ್ಯಾಸವಿರಲಿಲ್ಲ. ನೀರು ಧುಮುಕುವ ಜಾಗ ಹತ್ತಿರ ಬಂದಾಗ ನಾನು ಎಲ್ಲರೂ ಬಗ್ಗಿ ಕೂತು ಹಗ್ಗ ಹಿಡಿಯಿರೆಂದು ಕೂಗಿದೆ. ಎಲ್ಲರೂ ಬಗ್ಗಿದರು. ಮೇಡಂ ಮಾತ್ರ, ಎಲ್ಲರೂ ಬಗ್ಗಿದ್ದಾರೋ ಇಲ್ಲವೋ ಎಂದು ನೋಡಲು ಎದ್ದು ನಿಂತರು. ದೋಣಿ ಒಂದು ಪಕ್ಕಕ್ಕೆ ವಾಲಿತು. ಮರುಕ್ಷಣ ಇಡೀ ಶಾಖೆ ಕಾಳಿ ನದಿಯಲ್ಲಿ ತೇಲುತ್ತಿತ್ತು.

ಒಬ್ಬೊಬ್ಬರನ್ನೇ ಮೇಲೆತ್ತಿದೆ. ಯಾರಿಗೂ ಏನೂ ಆಗಲಿಲ್ಲ. ಮೇಡಂ ಅವರ ಒಂದು ಚಪ್ಪಲಿ ಮಾತ್ರ ಕಾರವಾರದ ಕಡೆ ಹೋಯಿತು. ದಡಕ್ಕೆ ಬಂದ ಮೇಲೆ ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆ ನೋಟದ ಅರ್ಥ ನನಗೆ ಮರುದಿನ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಯೂನಿಫಾರ್ಮ್ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ವಿಮಾನದ ಸುತ್ತ ತಿರುಗಿ ಗಾಲಿ, ರೆಕ್ಕೆ ಎಲ್ಲ ಸರಿಯಿದೆಯೇ ಎಂದು ನೋಡುತ್ತಿದ್ದೆ. ಆಗ ಅಲ್ಲಿ ಪ್ರಯಾಣಿಕರು ನಡೆದುಕೊಂಡೇ ವಿಮಾನದ ತನಕ ಬರುತ್ತಿದ್ದರು. ಸಾಲಿನಲ್ಲಿ ಒಂದು ರೇಷ್ಮೆ ಸೀರೆ, ಅದರ ಕೆಳಗೆ ಹೊಸ ಹವಾಯಿ ಚಪ್ಪಲಿ. ಚಪ್ಪಲಿ ನಿಂತಿತು. ಹಿಂದಿದ್ದವರೂ ನಿಂತರು.

"ನೀವು!" ಎಂದರು ಮೇಡಂ.

"ನಮಸ್ಕಾರ ಮೇಡಂ," ಎಂದೆ. ಬೇರೇನು ಹೇಳಬಹುದಿತ್ತೋ ಇವತ್ತಿಗೂ ಹೊಳೆದಿಲ್ಲ.

"ಇಲ್ಲೇನ್ ಮಾಡ್ತಿದೀರಿ ನೀವು?"

"ನಾನು ಇದರ ಕೋ-ಪೈಲಟ್."

ಅವರು ಹಿಂದೆ ತಿರುಗಿ, ನಿಲ್ದಾಣದ ತುದಿಯವರೆಗೂ ಕೇಳುವಂತೆ ಹೇಳಿದರು: "ಯಾರೂ ಹತ್ತಬೇಡಿ! ನೆನ್ನೆ ನಮ್ಮನ್ನ ನೀರಿಗೆ ಹಾಕಿದ ಆ ಬೋಟಿನವನೇ ಇವತ್ತು ವಿಮಾನ ಓಡಿಸ್ತಾನಂತೆ!"

ಬ್ಯಾಂಕಿನವರು ಹತ್ತಲಿಲ್ಲ. ಅವರನ್ನು ನೋಡಿ ಬ್ಯಾಂಕಿಗೆ ಸಂಬಂಧವಿಲ್ಲದವರೂ ಹತ್ತಲಿಲ್ಲ. ಮೆಟ್ಟಿಲ ಬುಡದಲ್ಲಿ ಸಂತೆ ಕೂಡಿತು. ಗದ್ದಲ ಕೇಳಿ ನಮ್ಮ ಕ್ಯಾಪ್ಟನ್ ಇಳಿದು ಬಂದರು. ಬೆಳಗಾವಿಯವರು, ನಿವೃತ್ತಿಗೆ ಹತ್ತಿರವಾದವರು, ಯಾವ ಗಾಳಿಗೂ ದನಿ ಏರಿಸದ ಮನುಷ್ಯ. ಮೇಡಂ ಹೇಳಿದ್ದನ್ನೆಲ್ಲ ಕೈಕಟ್ಟಿಕೊಂಡು ಕೇಳಿದರು.

"ನೀರಿಗೆ ಬಿದ್ರಲ್ಲಾ, ಆಮ್ಯಾಲ ನಿಮ್ಮನ್ನ ಮ್ಯಾಲೆ ಎತ್ತಿದವರು ಯಾರ್ರಿ?"

"ಇವರೇ," ಎಂದರು ಮೇಡಂ, ಒಲ್ಲದ ಮನಸ್ಸಿನಿಂದ.

"ಎಲ್ಲಾರನ್ನೂ ಎತ್ತಿದಾನ?"

"ಎಲ್ಲರನ್ನೂ."

"ಮತ್ತೇನ್ರಿ? ಅಂಥಾವ್ರ ಬೇಕು ನಮಗ."

"ಅಲ್ಲಿ ಲೈಫ್ ಜಾಕೆಟ್ ಕೊಟ್ಟಿದ್ರು!"

"ಇಲ್ಲೂ ಸೀಟಿನ ಕೆಳಗ ಐತ್ರಿ. ಬರ್ರಿ, ತೋರಸ್ತೇನಿ."

ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ವಿಮಾನವನ್ನು ಕ್ಯಾಪ್ಟನ್ನರೇ ನಡೆಸಬೇಕು, ನಾನು ಯಾವುದನ್ನೂ ಮುಟ್ಟಕೂಡದು. ಕ್ಯಾಪ್ಟನ್ ಸುಮ್ಮನೆ ಕೈಮುಗಿದರು. ಅದು ಹೌದೆಂಬ ಅರ್ಥದಲ್ಲಿ ಅಲ್ಲವೆಂದು ನನಗೆ ಒಳಗೆ ಹೋದ ಮೇಲೆ ತಿಳಿಯಿತು.

"ಹೂಂ, ಇವತ್ತ ನಿನ್ನ ಸರತಿ ಐತಿ. ನೀನ ಹಾರಿಸು," ಎಂದರು. "ಇವತ್ತ ಹಾರಿಸಲಿಲ್ಲಂದ್ರ ಇನ್ನೊಮ್ಮೆ ಹಾರಸೂ ಮುಂದ ಕೈ ನಡಗ್ತಾವ."

ಹಾರಿಸಿದೆ. ಬೆಂಗಳೂರಿನಲ್ಲಿ ನನ್ನ ಜನ್ಮದಲ್ಲೇ ಅಷ್ಟು ಹಗುರವಾಗಿ ಇಳಿಸಿರಲಿಲ್ಲ. ಗಾಲಿ ನೆಲ ಮುಟ್ಟಿದ್ದು ನನಗೇ ಗೊತ್ತಾಗಲಿಲ್ಲ. ಒಳಗೆ ಚಪ್ಪಾಳೆ ಬಿತ್ತು. ಇಳಿಯುವಾಗ ಮೇಡಂ ಬಾಗಿಲಲ್ಲಿ ನಿಂತು ಕ್ಯಾಪ್ಟನ್ನರ ಕೈಕುಲುಕಿ, "ಅನುಭವ ಅಂದ್ರೆ ಇದು ಸಾರ್. ಹೂವಿಟ್ಟ ಹಾಗೆ ಇಳಿಸಿದ್ರಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಕಲೀರಿ," ಎಂದರು.

ಕ್ಯಾಪ್ಟನ್ ಮತ್ತೊಮ್ಮೆ ಕೈಮುಗಿದರು. ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಮಾತ್ರ ಅವರು ಗಂಭೀರವಾದರು.

"ಪಗಾರ ಬರೋದು ಹೆಂಗ ಅನ್ನೋದು ನನಗೂ ಗೊತ್ತೈತಿ. ನನ್ನ ಮನ್ಯಾಗೂ ಅದ ಕತಿ. ಆದ್ರ ನಸಿಕಿನ್ಯಾಗ ಹಾರೂದಿದ್ದಾಗ ಹಿಂದಿನ ದಿನ ತೋಳು ಸೋಲೂ ಕೆಲಸ ಮಾಡಬಾರದು. ಎರಡರಾಗ ಒಂದು ಆರಿಸ್ಕೋ."

ಆರಿಸಿಕೊಳ್ಳುವುದು ಸುಲಭವಾಗದಂತೆ ಮಾವ ನೋಡಿಕೊಂಡ. ವಿಮಾನ ನಿಲ್ದಾಣದ ಸುದ್ದಿ ಅವನ ಕಿವಿಗೆ ಬಿದ್ದದ್ದೇ ತಡ, ಗಣೇಶಗುಡಿಯ ರಸ್ತೆಯಲ್ಲಿ ಹೊಸ ಬೋರ್ಡು ಎದ್ದಿತು: "ಅಸಲಿ ವಿಮಾನದ ಪೈಲಟ್ ಜೊತೆ ರಾಫ್ಟಿಂಗ್." ದರವನ್ನೂ ಏರಿಸಿದ.

"ಅರ್ಧ ಪಾಲು ನಿಂದು, ಅಳ್ಯಾ," ಎಂದ. "ಮುಂದಿನ ವರ್ಷ ಇನ್ನೂ ನಾಲ್ಕು ಬೋಟ್ ತರೂಣು. ಆ ಕಂಪನಿ ನಿನಗೇನ್ ಕೊಡ್ತೈತಿ? ಟೋಪಿ ಕೊಟ್ಟೈತಿ, ಬರೇ ಟೋಪಿ!"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಾರವಿಡೀ ಅದನ್ನೇ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಅವ್ವ, "ನಿನ್ನ ಮನಸ್ಸಿಗೆ ಬಂದಂಗ ಮಾಡು" ಎಂದಳು, ಆದರೆ ಅದಕ್ಕೂ ಮೊದಲು ಅಪ್ಪನನ್ನು ಒಂದು ಸಲ ವಿಮಾನ ಹತ್ತಿಸು ಎಂದಳು. ಕಂಪನಿ ನಮಗೆ ಧಾರಾಳವಾಗಿ ಕೊಡುತ್ತಿದ್ದದ್ದು ಖಾಲಿ ಸೀಟು ಒಂದೇ. ಪ್ರಯಾಣಿಕರು ಕಡಿಮೆಯಿದ್ದರೆ ಮನೆಯವರನ್ನು ಕರೆದೊಯ್ಯಬಹುದಿತ್ತು.

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೊಟ್ಟಿಯ ಗಂಟು ಹಿಡಿದು, ಮುಂಬಯಿ ವಿಮಾನದಲ್ಲಿ ಎಡಗಡೆಯ ಕಿಟಕಿಗೆ ಕೂತ. ಹೊರಟು ಸ್ವಲ್ಪ ಹೊತ್ತಿಗೆ ಗಗನಸಖಿ ಕಾಕ್‌ಪಿಟ್ಟಿಗೆ ಫೋನು ಮಾಡಿದಳು. "ಸರ್, ನಿಮ್ಮ ತಂದೆ ಸುಪಾ ಡ್ಯಾಮಿನ ನೀರು ಕಾಣ್ತಿದೆ ಅಂತ ಎಲ್ಲರನ್ನೂ ಎಡಗಡೆ ಕರೆದಿದಾರೆ. ಯಾರೂ ಸೀಟಲ್ಲಿಲ್ಲ. ಎಲ್ಲರ ಕೈಯಲ್ಲೂ ರೊಟ್ಟಿ ಇದೆ."

ಕ್ಯಾಪ್ಟನ್ ನನ್ನ ಕಡೆ ನೋಡಿದರು. "ಕುಂಡ್ರಸಾಕ ಹೇಳಪಾ. ಇಲ್ಲಾಂದ್ರ ಇದೂ ನಿಮ್ಮ ಮಾವನ ಬೋಟಿನಂಗ ಆಕ್ಕೈತಿ."

ಮುಂಬಯಿಯಲ್ಲಿ ಎಲ್ಲರೂ ಇಳಿದ ಮೇಲೆ ಕಾಕ್‌ಪಿಟ್ಟಿನಿಂದ ಹೊರಗೆ ಬಂದೆ. ಅಪ್ಪ ಇನ್ನೂ ಬೆಲ್ಟು ಬಿಚ್ಚಲು ಹೆಣಗಾಡುತ್ತಿದ್ದ. ಬಿಚ್ಚಿ ಕೊಟ್ಟು, ಹೇಗಿತ್ತು ಎಂದು ಕೇಳಿದೆ.

"ಇಳಿಯೂ ಮುಂದ ಭಾಳ ಹೆದರಿಕಿ ಆತು," ಎಂದ. "ಆಮ್ಯಾಲ ಒಳಗ ನೀ ಕುಂತಿ ಅನ್ನೋದು ನೆನಪಾತು."

"ಆಗ ಧೈರ್ಯ ಬಂತೇನು?"

"ಇಲ್ಲ. ಇನ್ನಷ್ಟು ಹೆದರಿಕಿ ಆತು."

ಇಬ್ಬರೂ ನಕ್ಕೆವು. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ಅವನು ನಿಂತು ವಿಮಾನವನ್ನು ತಿರುಗಿ ನೋಡಿದ. "ಮಾವನ ಕಡೆ ರೊಕ್ಕ ಐತಿ, ಖರೇ. ಆದ್ರ ಬೋಟಿನಿಂದ ಇಳದು ಬಂದಾಗೂ ನಿನ್ನ ಮಾರಿ ನೋಡೇನಿ, ಈಗ ಬಾಗಲಾ ತಗದು ಹೊರಗ ಬಂದಾಗೂ ನೋಡಿದೆ. ಇದನ್ನ ಬಿಡಬ್ಯಾಡ." ಅಪ್ಪ ನನ್ನ ಮುಖವನ್ನು ಅಷ್ಟು ಗಮನಿಸಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಉಳಿದ ರೊಟ್ಟಿಯ ಗಂಟು ಇಸಿದುಕೊಂಡು ಅವನ ಜೊತೆ ನಡೆದೆ.

ಗಣೇಶಗುಡಿಗೆ ಹೋಗಿ ಇನ್ನು ದೋಣಿಗೆ ಬರುವುದಿಲ್ಲ ಎಂದಾಗ ಮಾವ ಸಿಟ್ಟಾದ. ದಸರೆಯ ತನಕ ಮಾತಾಡಲಿಲ್ಲ. ಬೋರ್ಡನ್ನೂ ತೆಗೆಯಲಿಲ್ಲ. ಪೈಲಟ್ ಎಲ್ಲಿ ಎಂದು ಯಾರಾದರೂ ಕೇಳಿದರೆ ಕುಂಬಾರವಾಡದಿಂದ ತಂದ ಹೊಸ ಗೈಡನ್ನು ಮುಂದೆ ನಿಲ್ಲಿಸಿ, ಇವತ್ತು ಯೂನಿಫಾರ್ಮ್ ಒಗೆಯಲು ಹಾಕಿದ್ದಾನೆ ಎನ್ನುತ್ತಿದ್ದನಂತೆ.

ನನ್ನ ಕಷ್ಟ ತಕ್ಷಣ ಮುಗಿಯಲಿಲ್ಲ. ದೋಣಿಯ ದುಡ್ಡು ನಿಂತ ಮೇಲೆ ಹುಬ್ಬಳ್ಳಿಯಲ್ಲಿ ಇನ್ನಿಬ್ಬರು ಕೋ-ಪೈಲಟ್‌ಗಳ ಜೊತೆ ಒಂದೇ ಖೋಲಿಯಲ್ಲಿ ಉಳಿದೆ. ಮೂವರೂ ಸರತಿಯ ಮೇಲೆ ಅನ್ನಕ್ಕಿಡುತ್ತಿದ್ದೆವು. ಆಮೇಲೆ ನಮ್ಮ ಕಂಪನಿಯನ್ನು ದೊಡ್ಡದೊಂದು ಕಂಪನಿ ಕೊಂಡಿತು. ಬಾಕಿ ಪಗಾರ ಹನಿ ಹನಿಯಾಗಿ ಬಂತು, ಹೊಸ ಪಗಾರ ಮಾತ್ರ ಹೊತ್ತಿಗೆ ಸರಿಯಾಗಿ ಬರತೊಡಗಿತು. ಕೆಲವು ವರ್ಷಗಳ ಮೇಲೆ ನಾನು ಕ್ಯಾಪ್ಟನ್ ಆದೆ.

ಎಡಗಡೆಯ, ಅಂದರೆ ಕ್ಯಾಪ್ಟನ್ನರ ಸೀಟಿನಲ್ಲಿ ಮೊದಲ ಸಲ ಕೂರುವ ದಿನ ಮಾವನೇ ತನ್ನ ಜೀಪಿನಲ್ಲಿ ನನ್ನನ್ನು ದಾಂಡೇಲಿಯಿಂದ ಹಳಿಯಾಳದ ಮೇಲೆ ಹುಬ್ಬಳ್ಳಿಗೆ ಬಿಟ್ಟ. ದಾರಿಯುದ್ದಕ್ಕೂ ಡೀಸೆಲ್ ದರ ಬೈದ. ವಿಮಾನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೆಂಗಳೂರಿನಲ್ಲಿ ಇಳಿದು ಮೊಬೈಲ್ ತೆರೆದಾಗ ಅವನ ಫೋನು ಬಂತು.

"ಬೇಲಿ ಹೊರಗ ನಿಂತಿದ್ದೆ," ಎಂದ. "ಗಾಲಿ ಒಳಗ ಹೋಗೂತನ ನೋಡಿ, ಆಮ್ಯಾಲ ಚಾ ಕುಡ್ಯಾಕ ಹ್ವಾದೆ."