ಬೇಸ್‌ಮೆಂಟಿಗೆ ಬಂದ ಕೇಕು

ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಯವರು ಶನಿವಾರಗಳಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಸುತ್ತಲಿನ ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳನ್ನು ಸೇರಿಸಿ, ಹಾಡು ಕಥೆ ಹೇಳಿಕೊಟ್ಟು, ತಿಂಡಿ ಕೊಡುತ್ತಿದ್ದರು. ತಾಯಂದಿರಲ್ಲಿ ಹೆಚ್ಚಿನವರು ವೇರ್‌ಹೌಸಿನ ಶಿಫ್ಟಿಗೆ ಹೋಗುವವರು. ಎಷ್ಟೋ ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದವು. ತಿಂಡಿಯ ಹೊಣೆ ಉಡುಪಿ ಕಡೆಯ ಒಬ್ಬ ಅಕ್ಕನದು, ಹಂಚುವ ಕೆಲಸ ನನ್ನದು.

ಒಂದು ಶನಿವಾರ ಅವರು ಫ್ರಿಜ್ಜಿನಿಂದ ತೆಗೆದುಕೊಟ್ಟ ಟ್ರೇಯ ಫಾಯಿಲ್ ಬಿಚ್ಚಿದೆ. ಹಿಂದಿನ ಸಂಜೆ ನಮ್ಮವರದೇ ಮಗುವಿನ ಬರ್ತ್‌ಡೇಯಲ್ಲಿ ಉಳಿದ ಕೇಕು. ಉಳಿದದ್ದಾದರೆ ಸರಿಯೇ. ಆದರೆ ತುಂಡುಗಳ ಅಂಚಿನಲ್ಲಿ ಸಣ್ಣ ಹಲ್ಲುಗಳ ಗುರುತಿತ್ತು, ಒಂದರ ಕ್ರೀಮಿಗೆ ಯಾರದೋ ಲಿಪ್‌ಸ್ಟಿಕ್ ಹತ್ತಿತ್ತು.

"ಅಕ್ಕ, ಇದು ಎಂಜಲು," ಎಂದೆ.

"ಕಚ್ಚಿದಷ್ಟು ಕಟ್ ಮಾಡಿ ಕೊಡಿ ಮಾರಾಯ್ರೆ. ಆ ಮಕ್ಕಳಿಗೆ ಎಂತ ಗೊತ್ತಾಗ್ತದೆ? ಅವರಲ್ಲಿ ಎಂಜಲು ಗಿಂಜಲು ಎಲ್ಲ ಇಲ್ಲ."

ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಆಗಲೇ ಪೇಪರ್ ಪ್ಲೇಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಲಿಪ್‌ಸ್ಟಿಕ್ ಹತ್ತಿದಷ್ಟನ್ನು ಕತ್ತರಿಸಿ, ಉಳಿದ ತುಂಡನ್ನು ಅಕ್ಕನ ಮುಂದೆ ಹಿಡಿದೆ. "ಮೊದಲು ನೀವು ತಗೊಳ್ಳಿ."

ಅವರು ಮುಖ ಕಿವುಚಿ ಕೈ ಹಿಂದೆಳೆದುಕೊಂಡರು. "ಛೀ, ಕಂಡವರ ಎಂಜಲು ನಾನು ತಿನ್ನುವುದಾ?"

ಟ್ರೇಯನ್ನು ಹಾಗೆಯೇ ಕಸದ ಡಬ್ಬಕ್ಕೆ ಸುರಿದೆ. ಸಭೆಯ ಹಿರಿಯರ ಚಹಾಕ್ಕೆಂದು ಕಪಾಟಿನಲ್ಲಿ ತೆಗೆದಿಟ್ಟಿದ್ದ ಬಿಸ್ಕೆಟ್ ಪ್ಯಾಕೆಟ್ಟು ಒಡೆದು ಹುಡುಗಿಯ ಪ್ಲೇಟು ತುಂಬಿಸಿದೆ.

"ಅದು ಹಿರಿಯರಿಗೆ ಇಟ್ಟದ್ದು," ಎಂದರು ಅಕ್ಕ.

ನಾನು ಇನ್ನೊಂದು ಪ್ಯಾಕೆಟ್ಟು ಒಡೆದೆ.